ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ

ಬೀದರಿನ ಜಿಲ್ಲಾ ರಂಗಮಂದಿರದ ಸ್ಟೇಜ್ ಹತ್ತಿದವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಭಾಷಣ ಸ್ಪರ್ಧೆ ಅಂತಲೋ, ಏನಿಲ್ಲದಿದ್ದರೆ ಗೆಳೆಯನ ಡಾನ್ಸ್ ನೋಡಲಿಕ್ಕೆ ಅಂತಲೋ ಒಮ್ಮೆಯಾದರೂ ಹೋಗಿಯೇ ಇರ್ತೀರಿ. ಆ ಕಟ್ಟಡಕ್ಕೆ ಇಟ್ಟಿರುವುದು ಡಾ. ಚನ್ನಬಸವ ಪಟ್ಟದೇವರ ಹೆಸರು. ಅವರು ಯಾರು ಅಂತ ಕೇಳಿದರೆ, ಭಾಲ್ಕಿ ಹಿರೇಮಠದ ಅಪ್ಪಾಜಿ ಅನ್ನುವಲ್ಲಿಗೆ ನಮ್ಮ ಉತ್ತರ ಮುಗೀತದೆ.

ಈ ಸಲ ನಮ್ಮ ಕನ್ನಡ ಸಂಘದಿಂದ ನೀತಿ ಕುರಿತ ಚರ್ಚಾಸ್ಪರ್ಧೆ ಇಟ್ಟಿದ್ದೆವು. ಮೊಬೈಲ್ ವರವೋ ಶಾಪವೋ ಅನ್ನುವ ಹಳೇ ವಿಷಯ ಬೇಡ ಅಂತ ಹೊಸದೊಂದು ಕೊಟ್ಟೆವು: ಒಳ್ಳೆಯ ಕೆಲಸಕ್ಕಾಗಿ ಸರ್ಕಾರಕ್ಕೆ ಸುಳ್ಳು ಹೇಳುವುದು ಸರಿಯೇ? ಪರ ಮಾತಾಡಿದವರೂ ವಿರೋಧ ಮಾತಾಡಿದವರೂ ಸುತ್ತಿ ಬಳಸಿ ಪಟ್ಟದೇವರ ಹತ್ತಿರವೇ ಬಂದು ನಿಂತರು. ಹಾಗಾಗಿ ಅವರ ಕಥೆಯನ್ನು ಇಲ್ಲಿ ಸರಿಯಾಗಿ ಬರೆದಿಡೋಣ ಅನ್ನಿಸಿತು.

ಪಟ್ಟದೇವರು ಹುಟ್ಟಿದ್ದು 1889ರ ಡಿಸೆಂಬರ್ 22ರಂದು, ಕಮಲನಗರದಲ್ಲಿ. ಕಮಲನಗರ ಈಗ ತಾಲೂಕು, ಆದರೆ ಬಹಳ ವರ್ಷ ಔರಾದ ತಾಲೂಕಿನಲ್ಲೇ ಇತ್ತು. ಸುತ್ತಲೂ ಮರಾಠಿ ಮಾತು, ಕಚೇರಿಯಲ್ಲಿ ಉರ್ದು. ಮನೆಯಲ್ಲಿ ಕನ್ನಡ ಆಡಿದರೂ ಬರೆಯಲಿಕ್ಕೆ ಬಾರದವರೇ ಹೆಚ್ಚು. ಅವರು ಬಾದಾಮಿ ಹತ್ತಿರದ ಶಿವಯೋಗ ಮಂದಿರಕ್ಕೆ ಹೋಗಿ ಓದಿ ಬಂದರು. 1924ರಲ್ಲಿ ಭಾಲ್ಕಿ ಹಿರೇಮಠದ ಪಟ್ಟಕ್ಕೆ ಏರಿದರು. ಬೇರೆ ಯಾರಾದರೂ ಆಗಿದ್ದರೆ ಪೂಜೆ, ಪಾದಪೂಜೆ, ಪಲ್ಲಕ್ಕಿ ಅಂತ ಆರಾಮವಾಗಿ ಕಾಲ ಕಳೀಬಹುದಿತ್ತು. ಇವರು ಶಾಲೆ ತೆಗೆಯಲಿಕ್ಕೆ ಹೊರಟರು.

ಅದರಲ್ಲೇನು ಕಷ್ಟ ಅಂತ ನಮಗೆ ಅನ್ನಿಸಬಹುದು. ಕಷ್ಟ ತಿಳಿಯಬೇಕಾದರೆ ಹೈದರಾಬಾದ್ ಸಂಸ್ಥಾನದ ಪರಿಸ್ಥಿತಿ ನೋಡಬೇಕು. ನಿಜಾಮರ ಆಡಳಿತದಲ್ಲಿ ಕಚೇರಿ, ಕೋರ್ಟು, ಮೇಲಿನ ಶಿಕ್ಷಣ ಎಲ್ಲ ಉರ್ದುವಿನಲ್ಲಿ. ಖಾಸಗಿ ಶಾಲೆ ತೆರೆಯಲಿಕ್ಕೆ ಮೊದಲೇ ಅನುಮತಿ ಬೇಕು. ಸಾರ್ವಜನಿಕ ಸಭೆಗೂ ಅನುಮತಿ ಬೇಕು. ಗಸ್ತಿ ನಿಶಾನ್ 53 ಅನ್ನುವ ಸುತ್ತೋಲೆಯೇ ಇತ್ತು. ನಾವು ಇಟ್ಟಂಥ ಚರ್ಚಾಸ್ಪರ್ಧೆಯನ್ನು ಆಗ ಊರ ನಡುವೆ ಇಡಬೇಕಾದರೂ ಮೊದಲು ಅರ್ಜಿ ಹಿಡಿದು ಕಚೇರಿಗೆ ಅಲೆಯಬೇಕಾಗ್ತಿತ್ತು.

ಇಂಜಿನಿಯರಿಂಗ್ ಓದುವ ನಮಗೆ ಇಲ್ಲೊಂದು ವಿಚಿತ್ರ ಕಾಣ್ತದೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಬಿಟ್ಟು ಉರ್ದುವಿನಲ್ಲಿ ಪಾಠ ಮಾಡಿತು. ಅನುವಾದ ಮಾಡಲಿಕ್ಕೆ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿ, ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತಂದರು. ವೈದ್ಯಕೀಯ, ಇಂಜಿನಿಯರಿಂಗ್ ಕೂಡ ಉರ್ದುವಿನಲ್ಲೇ ಕಲಿಸಿದರು. ಈ ದೇಶದ ಭಾಷೆಯಲ್ಲಿ ತಂತ್ರಜ್ಞಾನ ಕಲಿಸಬಹುದು ಅಂತ ಮಾಡಿ ತೋರಿಸಿದ ಸರ್ಕಾರ ಅದು, ಅದನ್ನು ಒಪ್ಪಲೇಬೇಕು. ಆದರೆ ಬೀದರ್, ಕಲಬುರಗಿ, ರಾಯಚೂರಿನ ಕನ್ನಡ ಮಕ್ಕಳಿಗೆ ಆ ನ್ಯಾಯ ಸಿಗಲಿಲ್ಲ. ಅವರ ಪಾಲಿಗೆ ಉರ್ದುವೂ ಇಂಗ್ಲಿಷಿನಷ್ಟೇ ದೂರ.

ಪಟ್ಟದೇವರು ಕಂಡುಕೊಂಡ ಉಪಾಯ ಈಗ ಜಿಲ್ಲೆಯ ತುಂಬ ಮನೆಮಾತು. ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿದರು. ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಕಮಲನಗರದಲ್ಲೂ ಭಾಲ್ಕಿಯಲ್ಲೂ ಶಾಲೆ ನಡೀತು. ಸಿಕ್ಕಿಬಿದ್ದರೆ ಶಾಲೆ ಮುಚ್ಚುವುದಷ್ಟೇ ಅಲ್ಲ, ಮಠಕ್ಕೂ ಕುತ್ತು ಬರ್ತಿತ್ತು.

ಸ್ಪರ್ಧೆಯಲ್ಲಿ ಗದ್ದಲ ಆದದ್ದು ಇಲ್ಲೇ. ಒಬ್ಬ ಹುಡುಗ ಎದ್ದು ನಿಂತು, ಹಾಗಾದರೆ ನಾವು ಗೆಳೆಯನಿಗೆ ಪ್ರಾಕ್ಸಿ ಅಟೆಂಡೆನ್ಸ್ ಹಾಕುವುದೂ ಸರಿಯೇ ಅಂತ ಕೇಳಿದ. ಹಾಲ್ ಎಲ್ಲ ನಗು, ಮುಂದಿನ ಸಾಲಿನಲ್ಲಿ ಕೂತ ಲೆಕ್ಚರರ್ ಒಬ್ಬರನ್ನು ಬಿಟ್ಟು. ಆದರೆ ಆ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ಸರಿಯಲ್ಲ. ನಮಗೆ ಕಾಣುವ ವ್ಯತ್ಯಾಸ ಇಷ್ಟು: ಆ ಬೋರ್ಡಿನಿಂದ ಪಾಠ ಕಲಿಯುವ ಮಕ್ಕಳಿಗಾಗಲಿ, ಕಳಿಸಿದ ತಂದೆತಾಯಿಗಾಗಲಿ ಮೋಸ ಆಗಲಿಲ್ಲ. ಒಳಗೆ ಏನು ನಡೀತದೆ ಅಂತ ಅವರಿಗೆ ಗೊತ್ತಿತ್ತು. ಬೋರ್ಡು ಹಾಕಿದವರಿಗೆ ಅದರಿಂದ ಲಾಭ ಇರಲಿಲ್ಲ, ಬಂದರೆ ಅಪಾಯವೇ ಬರ್ತಿತ್ತು. ಪ್ರಾಕ್ಸಿಯಲ್ಲಿ ಲಾಭವೂ ನಮ್ಮದೇ, ಕಳಕೊಳ್ಳುವ ಪಾಠವೂ ನಮ್ಮದೇ.

ಮಕ್ಕಳನ್ನು ಸೇರಿಸಿದರೆ ಸಾಲದು, ಊಟ ಹಾಕಬೇಕು. ಹಳ್ಳಿಯಿಂದ ಬಂದ ಬಡ ಮಕ್ಕಳಿಗೆ ಮಠದಲ್ಲೇ ಉಚಿತ ಪ್ರಸಾದ ನಿಲಯ ತೆರೆದರು. ಪಟ್ಟದೇವರು ತಾವೇ ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು, ಜೋಳ ಬೇಡಿ ತಂದರು. ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಕಡೆ ಕೂಡಿಸಿ ಉಣ್ಣಲಿಕ್ಕೆ ಹಚ್ಚಿದರು. ಅದನ್ನು ಕಂಡು ಮುಖ ಸಿಂಡರಿಸಿದ ಭಕ್ತರಿಗೇನು ಬರ ಇರಲಿಲ್ಲ. ಕೊಡುವವರನ್ನೇ ಎದುರು ಹಾಕಿಕೊಂಡು, ಮತ್ತೆ ಅವರ ಬಾಗಿಲಿಗೇ ಜೋಳಿಗೆ ಒಯ್ಯಬೇಕು. ಬೋರ್ಡು ಬದಲಿಸುವುದಕ್ಕಿಂತ ಇದೇ ದೊಡ್ಡ ಧೈರ್ಯ ಅಂತ ನಮ್ಮಲ್ಲಿ ಕೆಲವರ ವಾದ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಇನ್ನು ಕದ್ದು ಕಲಿಸುವ ಅಗತ್ಯ ಉಳಿಯಲಿಲ್ಲ. 1956ರ ನವೆಂಬರ್ 1ರಂದು ಹಳೇ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಕಡೆಯವು ಆಗಿನ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಭಾಲ್ಕಿ, ಔರಾದ ಇತ್ತಲಾಗೇ ಉಳಿದದ್ದು ಪಟ್ಟದೇವರಿಂದ ಅಂತ ಹಿರಿಯರು ಹೇಳ್ತಾರೆ. ಗಡಿ ಗೆರೆಯನ್ನು ಒಬ್ಬರೇ ಎಳೆಯಲಾರರು, ಆದರೆ ಕನ್ನಡ ಓದು ಬರಹ ಬಲ್ಲ ಒಂದು ತಲೆಮಾರು ಆ ಹೊತ್ತಿಗೆ ಇಲ್ಲಿ ತಯಾರಾಗಿತ್ತು ಅನ್ನುವುದರಲ್ಲಿ ಅವರ ಪಾಲು ದೊಡ್ಡದು.

ಮುಂದೆ ಅವರು ಕೈ ಹಾಕಿದ್ದು ಬಸವಕಲ್ಯಾಣದ ಅನುಭವ ಮಂಟಪಕ್ಕೆ. 12ನೇ ಶತಮಾನದಲ್ಲಿ ಬಸವಣ್ಣ, ಅಲ್ಲಮ, ಅಕ್ಕ ಮೊದಲಾದ ಶರಣರು ಕೂತು ವಾದ ಮಾಡಿದ್ದು ಅಲ್ಲಿಯೇ ಅಂತ ನಂಬಿಕೆ. ಆ ವಾದಗಳನ್ನು ಸಂವಾದದ ರೂಪದಲ್ಲಿ ಹೆಣೆದ ಶೂನ್ಯಸಂಪಾದನೆ ಬಂದದ್ದು 15ನೇ ಶತಮಾನದಲ್ಲಿ. ಅದರಲ್ಲಿ ಹೊಸದಾಗಿ ಬಂದವರನ್ನು ಹಾರ ಹಾಕಿ ಕೂಡಿಸುವುದಿಲ್ಲ, ಪ್ರಶ್ನೆ ಕೇಳ್ತಾರೆ. ಅಕ್ಕಮಹಾದೇವಿಗೂ ಅಲ್ಲಮ ಪ್ರಶ್ನೆಗಳ ಮಳೆಯನ್ನೇ ಸುರಿಸ್ತಾನೆ. ನೀತಿಯನ್ನು ವಾದದಲ್ಲಿ ಒರೆಗೆ ಹಚ್ಚುವ ಆಟ ನಮ್ಮ ಜಿಲ್ಲೆಗೆ ಹೊಸದೇನಲ್ಲ ನೋಡ್ರಿ. ಆ ನೆನಪಿಗೆ ಒಂದು ಕಟ್ಟಡ ಬೇಕು ಅಂತ ಪಟ್ಟದೇವರು ವಯಸ್ಸಾದ ಮೇಲೂ ಊರೂರು ತಿರುಗಿ ಹಣ ಕೂಡಿಸಿದರು, ಹೊಸ ಅನುಭವ ಮಂಟಪ ಕಟ್ಟಿಸಿದರು.

1980ರಲ್ಲಿ ಬೀದರಿಗೆ, 1982ರಲ್ಲಿ ಭಾಲ್ಕಿಗೆ ಇಂಜಿನಿಯರಿಂಗ್ ಕಾಲೇಜು ಬಂದದ್ದನ್ನೂ ಅವರು ನೋಡಿದರು. 1999ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ ನೂರಾ ಒಂಬತ್ತು ವರ್ಷ.

ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೋದದ್ದು ವಿರೋಧದ ಕಡೆ ಮಾತಾಡಿದ ಔರಾದ ಕಡೆಯ ಹುಡುಗಿಗೆ. ಸುಳ್ಳನ್ನು ಸುಳ್ಳು ಅಂತಲೇ ಕರೀಬೇಕು, ಇಲ್ಲದಿದ್ದರೆ ಅದನ್ನು ಹೇಳಿದವರು ಎಷ್ಟು ಭಾರ ಹೊತ್ತಿದ್ದರು ಅನ್ನುವುದೇ ನಮಗೆ ತಿಳಿಯುವುದಿಲ್ಲ ಅನ್ನುವುದು ಅವಳ ವಾದ. ಅವಳ ಮನೆಮಾತು ಮರಾಠಿ. ಐದು ನಿಮಿಷ ಚೀಟಿ ನೋಡದೆ ಕನ್ನಡದಲ್ಲಿ ಮಾತಾಡಿ ಕೆಳಗಿಳಿದಳು.