ಅಡಿಕೆ ಮರದ ಬುಡದ ಅಣಬೆ ಮದ್ದೋ, ರೋಗವೋ? ಉತ್ತರಕ್ಕೆ ದಾರಿ ತೋರಿದ ಬಟ್ಲರ್

ಅಂಕೋಲಾ, ಕಾರವಾರ ಕಡೆಯ ಅಡಿಕೆ ಬೆಳೆಗಾರರಿಗೆ ಅಣಬೆರೋಗದ ಹೆಸರು ಹೊಸದಲ್ಲ. ಮರದ ಬುಡದಲ್ಲಿ ವಾರ್ನಿಶ್ ಬಳಿದಂತೆ ಹೊಳೆಯುವ ಕಂದುಗೆಂಪು ಗಟ್ಟಿ ಅಣಬೆ ಏಳುತ್ತದೆ. ಇದು ಮಳೆಗೆ ಹುಟ್ಟಿದ್ದು, ಕಿತ್ತೆಸೆದರೆ ಸಾಕು ಎನ್ನುವವರಿದ್ದಾರೆ. ಇದೇ ದುಬಾರಿ ರೀಶಿ ಔಷಧ ಎನ್ನುವವರೂ ಇದ್ದಾರೆ. ನಿಜವೇನು?

ಭಾರತದಲ್ಲಿ ಇಂಥ ಪ್ರಶ್ನೆಗಳಿಗೆ ವೈಜ್ಞಾನಿಕ ಉತ್ತರದ ಬುನಾದಿ ಹಾಕಿದವರು ಎಡ್ವಿನ್ ಜಾನ್ ಬಟ್ಲರ್. 1874ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಅವರು ಓದಿದ್ದು ಮನುಷ್ಯರ ವೈದ್ಯಕೀಯ. 1898ರಲ್ಲಿ ಪದವಿ ಸಿಕ್ಕರೂ ಮನಸ್ಸು ಹೋದದ್ದು ಶಿಲೀಂಧ್ರಗಳ ಕಡೆಗೆ. 1901ರಲ್ಲಿ ಭಾರತಕ್ಕೆ ಬಂದರು. ಮುಂದೆ ಬಿಹಾರದ ಪೂಸಾ ಕೃಷಿ ಸಂಸ್ಥೆಯಲ್ಲಿ ಗಿಡಗಳ ವೈದ್ಯರೇ ಆದರು. 1906ರಲ್ಲಿ ತಾಳೆ ಜಾತಿಯ ಮರಗಳ ರೋಗಗಳ ಬಗ್ಗೆ ಬರೆದಾಗ ಅಡಿಕೆಯೂ ಅದರಲ್ಲಿತ್ತು. 1918ರಲ್ಲಿ ಬೆಳೆರೋಗಗಳ ದೊಡ್ಡ ಪುಸ್ತಕ ತಂದರು.

ಪೂಸಾದಲ್ಲಿ ಅವರು ಕಟ್ಟಿದ ಇನ್ನೊಂದು ಆಸ್ತಿ ಒಣಗಿಸಿದ ಶಿಲೀಂಧ್ರಗಳ ಸಂಗ್ರಹ. ಪ್ರತಿ ಮಾದರಿಯೂ ಒಂದು ಕಾಗದದ ಪೊಟ್ಟಣದಲ್ಲಿ. ಮೇಲೆ ಯಾವ ಮರ, ಯಾವ ಊರು, ಯಾವ ದಿನ, ತಂದವರು ಯಾರು ಎಂಬ ಬರಹ. 1934ರ ಬಿಹಾರ ಭೂಕಂಪದ ನಂತರ ಸಂಸ್ಥೆಯ ಜೊತೆ ಸಂಗ್ರಹವೂ ದೆಹಲಿಗೆ ಬಂತು.

ಇದರಿಂದ ಏನು ಲಾಭ? ಹೊಳಪಿನ ಅಣಬೆಗಳು ನೋಡಲು ಒಂದೇ ಥರ. ಫೋಟೋ ನೋಡಿ ಜಾತಿ ಹೇಳಲಾಗದು. ಮಾದರಿ ಉಳಿದಿದ್ದರೆ ನೂರು ವರ್ಷದ ಮೇಲೂ ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಕೆಲವೊಮ್ಮೆ ಡಿಎನ್‌ಎ ಪರೀಕ್ಷೆಯೂ ಸಾಧ್ಯ. ಹಿಂದೆ ಎಲ್ಲಕ್ಕೂ ಗ್ಯಾನೊಡರ್ಮಾ ಲೂಸಿಡಮ್ ಎಂದೇ ಹೆಸರಿಡುತ್ತಿದ್ದರು. ಅದು ಯುರೋಪಿನ ಜಾತಿ, ಚೀನಾದ ಔಷಧದ ಅಣಬೆ ಬೇರೆ ಎಂದು ಈಗ ಗೊತ್ತಾಗಿದೆ. ಹಾಗಾಗಿ ತೋಟದ ಅಣಬೆಯನ್ನು ರೀಶಿ ಎಂದುಕೊಂಡು ಕಷಾಯ ಮಾಡಿ ಕುಡಿಯಬೇಡಿ.

ಕಿತ್ತೆಸೆದರೂ ರೋಗ ಹೋಗುವುದಿಲ್ಲ. ಅಣಬೆ ಹೊರಗೆ ಕಾಣುವ ಹೊತ್ತಿಗೆ ಶಿಲೀಂಧ್ರ ಒಳಗೆ ಬೇರು, ಬುಡವನ್ನು ಕೊಳೆಸಿರುತ್ತದೆ. ಸೋಗೆ ಹಳದಿಯಾಗಿ ಜೋತುಬೀಳುವುದು, ಬುಡದಿಂದ ಕಂದು ರಸ ಒಸರುವುದು ಮುನ್ಸೂಚನೆ. ಸತ್ತ ಮರವನ್ನು ಬೇರುಸಹಿತ ತೆಗೆದು ಸುಡಿ. ರೋಗದ ಮರದ ಸುತ್ತ ಕಂದಕ ತೋಡಿ, ನೀರು ನಿಲ್ಲದಂತೆ ಬಸಿಗಾಲುವೆ ಮಾಡಿ. ಉಳಿದ ಚಿಕಿತ್ಸೆಗೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ.

ಬಟ್ಲರ್ 1920ರಲ್ಲಿ ಇಂಗ್ಲೆಂಡಿಗೆ ಮರಳಿ, 1943ರಲ್ಲಿ ತೀರಿಕೊಂಡರು. ಅವರು ಕಲಿಸಿದ ಕ್ರಮ ಇಂದಿಗೂ ಸುಲಭ: ತಜ್ಞರಿಗೆ ಮಾದರಿ ಒಯ್ಯುವಾಗ ಕಾಗದದಲ್ಲಿ ಸುತ್ತಿ, ಮೇಲೆ ಮರ, ಊರು, ತಾರೀಖು ಬರೆಯಿರಿ.