ಆಗ್ಡೆನ್ ಬ್ರೂಟನ್

ಹರಿಹರಕ್ಕೂ ದಾವಣಗೆರೆಗೂ ದೂರ ಹೆಚ್ಚಿಲ್ಲ. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ತುಂಗಭದ್ರೆಯ ದಡದ ಆ ಊರಿನಿಂದ ದಾವಣಗೆರೆಯ ಮಕ್ಕಳ ವೈದ್ಯರಲ್ಲಿಗೆ ಬರುವ ತಾಯಂದಿರನ್ನು ನೀವು ಬಸ್ಸಿನಲ್ಲಿ ಕಂಡಿರಬಹುದು. ಜ್ವರ ಇಳಿಯುತ್ತದೆ, ಮಗು ಆಡತೊಡಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಮಗುವಿಗೆ ಮಾತ್ರ ಜ್ವರ, ಕಿವಿಸೋರಿಕೆ, ನ್ಯುಮೋನಿಯಾಗಳು ಮತ್ತೆ ಮತ್ತೆ ಮರಳುತ್ತವೆ. ದೃಷ್ಟಿ ತಾಗಿತೆಂದೋ ತಾಯಿಯ ಆರೈಕೆ ಸಾಲದೆಂದೋ ನೆರೆಯವರು ಆಡಿಕೊಳ್ಳುವುದುಂಟು. ಅಂಥ ಕೆಲವು ಮಕ್ಕಳ ರಕ್ತದಲ್ಲಿಯೇ ಹುಟ್ಟಿನಿಂದ ಬಂದ ಕೊರತೆಯಿರುತ್ತದೆಂದು ತೋರಿಸಿಕೊಟ್ಟವರು ಅಮೆರಿಕದ ವೈದ್ಯ ಆಗ್ಡೆನ್ ಬ್ರೂಟನ್.

ಬ್ರೂಟನ್ನರು 1908ರಲ್ಲಿ ಉತ್ತರ ಕೆರೋಲಿನಾದ ಮೌಂಟ್ ಗಿಲಿಯಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. 1933ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದು, ಮುಂದೆ ಸೈನ್ಯವನ್ನು ಸೇರಿ, ವಾಷಿಂಗ್‌ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಮುಖ್ಯಸ್ಥರಾದರು. ಸೇನೆಯ ಆಸ್ಪತ್ರೆಯಲ್ಲಿ ಮಕ್ಕಳಿಗೇನು ಕೆಲಸವೆಂದು ಕೇಳಬಹುದು, ಯೋಧರಿಗೂ ಮಕ್ಕಳುಂಟಷ್ಟೆ!

ಅಲ್ಲಿ ಎಂಟು ವರ್ಷದ ಬಾಲಕನೊಬ್ಬನು ಅವರ ಚಿಕಿತ್ಸೆಯಲ್ಲಿದ್ದನು. ನಾಲ್ಕು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ 19 ಸಲ ಅವನಿಗೆ ಮೈಯೆಲ್ಲ ನಂಜೇರುವಂಥ ಸೋಂಕು ತಗುಲಿತ್ತು. 10 ಸಲ ನ್ಯುಮೋನಿಯಾ ತರುವ ರೋಗಾಣುಗಳು ರಕ್ತದಲ್ಲಿಯೇ ದೊರೆತವು. ಔಷಧಿಗಳು ಪ್ರತಿಸಲವೂ ಅವನನ್ನು ಉಳಿಸಿದುವು. ಬೇರೆ ವೈದ್ಯರಾಗಿದ್ದರೆ ಅಷ್ಟಕ್ಕೇ ತೃಪ್ತರಾಗುತ್ತಿದ್ದರೇನೋ. ಮರಳಿ ಮರಳಿ ಏಕೆ ಬರುತ್ತದೆಂಬ ಪ್ರಶ್ನೆ ಬ್ರೂಟನ್ನರನ್ನು ಬಿಡಲಿಲ್ಲ. ಆ ರೋಗಾಣುಗಳ ವಿರುದ್ಧ ಲಸಿಕೆ ಹಾಕಿದರು. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಬಾಲಕನ ದೇಹದಲ್ಲಿ ಹುಟ್ಟಲೇ ಇಲ್ಲ. ವಿದ್ಯುತ್ತಿನ ಸೆಳೆತದಿಂದ ರಕ್ತದ ಪ್ರೋಟೀನುಗಳನ್ನು ಬೇರೆ ಬೇರೆ ಗುಂಪುಗಳಾಗಿ ಬಿಡಿಸುವ ವಿಧಾನದಿಂದ ಪರೀಕ್ಷಿಸಿದಾಗ, ಪ್ರತಿಕಾಯಗಳಿರಬೇಕಾದ ಗ್ಯಾಮಾ ಗ್ಲಾಬ್ಯುಲಿನ್ ಎಂಬ ಗುಂಪೇ ಕಾಣಿಸಲಿಲ್ಲ.

ಒಳಗೆ ಹುಟ್ಟದ್ದನ್ನು ಹೊರಗಿನಿಂದಲೇ ಕೊಡಬೇಕಲ್ಲವೆ? ಆರೋಗ್ಯವಂತರ ರಕ್ತದಿಂದ ಬೇರ್ಪಡಿಸಿದ ಗ್ಯಾಮಾ ಗ್ಲಾಬ್ಯುಲಿನ್ನನ್ನು ತಿಂಗಳಿಗೊಮ್ಮೆ 3.2 ಗ್ರಾಮಿನಂತೆ ಚುಚ್ಚತೊಡಗಿದರು. ಒಂದು ವರ್ಷ ಕಳೆದರೂ ಆ ಸೋಂಕು ಬಾಲಕನ ಬಳಿ ಸುಳಿಯಲಿಲ್ಲ. 1952ರಲ್ಲಿ ಈ ವೃತ್ತಾಂತವನ್ನು ಏಳೇ ಪುಟಗಳ ಲೇಖನವಾಗಿ ಪ್ರಕಟಿಸಿದರು.

ಕೊರತೆಯ ಮೂಲ ತಿಳಿದದ್ದು 1993ರಲ್ಲಿ. ಎಕ್ಸ್ ವರ್ಣತಂತುವಿನಲ್ಲಿರುವ ಒಂದು ಜೀನಿನ ದೋಷವೇ ಅದಕ್ಕೆ ಕಾರಣವೆಂದು ಎರಡು ತಂಡಗಳು ಕಂಡುಹಿಡಿದುವು. ದೋಷವುಳ್ಳ ಜೀನನ್ನು ಹೊತ್ತಿದ್ದರೂ ತಾಯಿ ಆರೋಗ್ಯವಾಗಿಯೇ ಇರುತ್ತಾಳೆ. ಕಾಯಿಲೆ ಕಾಣಿಸುವುದು ಗಂಡುಮಕ್ಕಳಲ್ಲಿ. ಆದ್ದರಿಂದಲೇ ವೈದ್ಯರು, ತಾಯಿಯ ಸೋದರರು ಯಾರಾದರೂ ಎಳೆತನದಲ್ಲಿ ತೀರಿಕೊಂಡಿದ್ದರೆ ಎಂದು ವಿಚಾರಿಸುತ್ತಾರೆ. ಆರೈಕೆಯಲ್ಲಿ ತಪ್ಪು ಹುಡುಕಿದ ನೆರೆಯವರಿಗೆ ಇದು ತಿಳಿಯದು. ಆ ಜೀನಿನಿಂದ ಉಂಟಾಗುವ ಪ್ರೋಟೀನಿಗೆ ಬ್ರೂಟನ್ನರ ಹೆಸರನ್ನೇ ಇಟ್ಟರು. ಆಗ ಅವರಿಗೆ ಎಂಬತ್ತು ದಾಟಿತ್ತು. 2003ರಲ್ಲಿ ಅವರು ನಿಧನರಾದರು. ಈ ಕೊರತೆಯುಳ್ಳ ಮಕ್ಕಳಿಗೆ ಇಂದಿಗೂ ಸಾವಿರಾರು ದಾನಿಗಳ ರಕ್ತರಸದಿಂದ ತೆಗೆದ ಪ್ರತಿಕಾಯಗಳನ್ನೇ ಕೊಡುತ್ತಾರೆ. ಅದು ದುಬಾರಿ ಔಷಧಿ. ಬದುಕಿರುವಷ್ಟು ಕಾಲವೂ ಬೇಕು.