ಕೈದಿಯ ಮನಸ್ಸನ್ನು ಕೇಳಹೊರಟ ದಂಡನಾಯಕ: ಜನರಲ್ ಕೆ. ಎಸ್. ತಿಮ್ಮಯ್ಯ

ಜನರಲ್ ತಿಮ್ಮಯ್ಯನವರ ಹೆಸರು ಹೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಕಾಶ್ಮೀರದ ಜೋಜಿಲಾ ಕಣಿವೆ. ಹಿಮದ ನಡುವೆ ಟ್ಯಾಂಕು ಏರಿಸಿದ ಸೇನಾನಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನಮ್ಮಲ್ಲಿ ಅನೇಕರು. ಆದರೆ ಅವರ ಬದುಕಿನ ಅತಿ ಕಠಿಣವಾದ ಕೆಲಸ ರಣರಂಗದಲ್ಲಿ ನಡೆದದ್ದಲ್ಲ. ಅದು ಮುಳ್ಳುತಂತಿಯ ಬೇಲಿಯೊಳಗಿದ್ದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ನಡುವೆ, ಒಂದು ಗುಂಡನ್ನೂ ಹಾರಿಸಬಾರದೆಂಬ ಆಸೆಯಿಂದ ಮಾಡಿದ ಕೆಲಸ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಅಧ್ಯಾಯವನ್ನೇ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸಿತು.

ಬಾಲ್ಯ ಮತ್ತು ಸೇನಾ ಜೀವನ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಮನೆತನ. ತಾಯಿ ಸೀತಮ್ಮನವರು ಸಮಾಜಸೇವೆಗೆ ಹೆಸರಾಗಿದ್ದರು. ಎಂಟನೆಯ ವಯಸ್ಸಿಗೇ ಮಗನನ್ನು ಕೂನೂರಿನ ಶಾಲೆಗೆ ಕಳಿಸಿದರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹರಾಡೂನಿನ ಸೈನಿಕ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾಗಿ ಹೊರಬಂದರು. ಮುಂದೆ ಹೈದರಾಬಾದ್ ರೆಜಿಮೆಂಟ್ ಸೇರಿದರು. ಅದೇ ಇಂದಿನ ಕುಮಾವ್ ರೆಜಿಮೆಂಟ್. 1935ರಲ್ಲಿ ನೀನಾ ಅವರೊಡನೆ ಮದುವೆಯಾಯಿತು. ಆ ವರ್ಷವೇ ಕ್ವೆಟ್ಟಾದಲ್ಲಿ ಭೂಕಂಪವಾದಾಗ ನೀನಾ ಅವರು ಗಾಯಾಳುಗಳ ಸೇವೆಗೆ ನಿಂತರು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಹೋರಾಡಿದ ತಿಮ್ಮಯ್ಯನವರು, ಯುದ್ಧಭೂಮಿಯಲ್ಲಿ ಒಂದು ಬ್ರಿಗೇಡಿನ ನಾಯಕತ್ವ ವಹಿಸಿದ ಏಕೈಕ ಭಾರತೀಯರೆನಿಸಿದರು. ಅದೇ ಹೊತ್ತಿಗೆ ಅವರ ಅಣ್ಣ ಪೊನ್ನಪ್ಪನವರು ನೇತಾಜಿಯವರ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ತಾಯಿಯ ಮಕ್ಕಳು ಯುದ್ಧದ ಎರಡು ಬದಿಗಳಲ್ಲಿ. ಯಾರು ನಿಷ್ಠ, ಯಾರು ದ್ರೋಹಿ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲವೆಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ, ಮನೆಯಲ್ಲೇ ಇತ್ತು.

1947ರಲ್ಲಿ ದೇಶ ಇಬ್ಭಾಗವಾದಾಗ ಪಂಜಾಬಿನ ಗಡಿಯಲ್ಲಿ ನಿರಾಶ್ರಿತರ ಗುಂಪುಗಳಿಗೆ ಕಾವಲಾದರು. 1948ರ ನವೆಂಬರ್ 1ರಂದು ಜೋಜಿಲಾ ಗೆದ್ದು ಲಡಾಖಿನ ದಾರಿ ತೆರೆದರು. ಅದೇ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಅವರ ತಮ್ಮ ಸೋಮಯ್ಯ ನೆಲಬಾಂಬಿಗೆ ಬಲಿಯಾದರು.

ಕೊರಿಯಾದ ಕೈದಿಗಳು

1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಉತ್ತರ ಕೊರಿಯಾ ಮತ್ತು ಚೀನಾ ಒಂದು ಕಡೆ, ದಕ್ಷಿಣ ಕೊರಿಯಾ ಹಾಗೂ ಅಮೆರಿಕದ ಮುಂದಾಳತ್ವದ ವಿಶ್ವಸಂಸ್ಥೆಯ ಪಡೆ ಇನ್ನೊಂದು ಕಡೆ. ಒಂದೇ ವರ್ಷದಲ್ಲಿ ಸಂಧಿಯ ಮಾತುಕತೆ ಆರಂಭವಾದರೂ ಯುದ್ಧ ನಿಲ್ಲಲು ಇನ್ನೂ ಎರಡು ವರ್ಷ ಬೇಕಾಯಿತು. ಕಾರಣ ಗಡಿಯ ತಕರಾರಿಗಿಂತ ಹೆಚ್ಚಾಗಿ ಕೈದಿಗಳ ಪ್ರಶ್ನೆ.

1949ರ ಜಿನೀವಾ ಒಪ್ಪಂದದ ಪ್ರಕಾರ ಕಾದಾಟ ನಿಂತ ಕೂಡಲೇ ಕೈದಿಗಳನ್ನು ತಡಮಾಡದೆ ಅವರವರ ದೇಶಕ್ಕೆ ಕಳಿಸಬೇಕು. ಹಿಂದಿನ ಯುದ್ಧದಲ್ಲಿ ಕೈದಿಗಳನ್ನು ವರ್ಷಗಟ್ಟಲೆ ಹಿಡಿದಿಟ್ಟು ದುಡಿಸಿಕೊಂಡದ್ದರಿಂದ ಈ ನಿಯಮ ಬಂದಿತ್ತು. ಆದರೆ ಊರಿಗೆ ಮರಳಲು ಒಲ್ಲೆನೆನ್ನುವ ಕೈದಿ ಇದ್ದರೆ ಏನು ಮಾಡಬೇಕು? 1952ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಪಡೆಯವರು ತಮ್ಮ ಕೈದಿಗಳನ್ನು ವಿಚಾರಿಸಿದಾಗ ಮರಳುತ್ತೇವೆಂದವರು ಸುಮಾರು 70,000 ಮಾತ್ರ. ಉಳಿದವರು ಬಲವಂತಕ್ಕೆ ಬೇಡವೆಂದಿದ್ದಾರೆಂದು ಚೀನಾ ದೂರಿತು. ಸ್ವಂತ ಇಚ್ಛೆಯಿಂದ ಬೇಡವೆಂದಿದ್ದಾರೆಂದು ಅಮೆರಿಕ ಹೇಳಿತು.

ಎರಡೂ ಕಡೆಯ ಸೆರೆಶಿಬಿರಗಳ ಸ್ಥಿತಿ ಕೆಟ್ಟದಾಗಿತ್ತು. ಉತ್ತರದವರ ಕೈಗೆ ಸಿಕ್ಕ 7,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರಲ್ಲಿ ಸುಮಾರು 2,700 ಮಂದಿ ಹಸಿವು, ಚಳಿ, ರೋಗ ಮತ್ತು ಹೊಡೆತಗಳಿಂದ ಸೆರೆಯಲ್ಲೇ ಸತ್ತರು. ದಕ್ಷಿಣದ ಕೋಜೆ ದ್ವೀಪದ ಶಿಬಿರದಲ್ಲಿ ಕೈದಿಗಳೇ ಎರಡು ಬಣವಾಗಿ ಹೊಡೆದಾಡಿದರು. 1952ರ ಮೇ ತಿಂಗಳಲ್ಲಿ ಕಮ್ಯುನಿಸ್ಟ್ ಕೈದಿಗಳು ಶಿಬಿರದ ಮುಖ್ಯಸ್ಥ ಜನರಲ್ ಡಾಡ್ ಅವರನ್ನೇ ಹಿಡಿದಿಟ್ಟುಕೊಂಡರು. ಎದುರು ಬಣದವರ ಆವರಣಗಳಲ್ಲಿ ಊರಿಗೆ ಹೋಗುತ್ತೇನೆಂದವನಿಗೆ ಏಟು ಬೀಳುತ್ತಿತ್ತು. ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಹಚ್ಚೆ ಚುಚ್ಚುತ್ತಿದ್ದರು. ಅಂಥ ಹಚ್ಚೆ ಹೊತ್ತು ಊರಿಗೆ ಮರಳುವುದಾದರೂ ಹೇಗೆ?

ಈ ಗಂಟು ಬಿಡಿಸಲು ವಿಶ್ವಸಂಸ್ಥೆಯಲ್ಲಿ ಭಾರತದ ಪರವಾಗಿ ವಿ. ಕೆ. ಕೃಷ್ಣ ಮೆನನ್ 1952ರ ಕೊನೆಗೆ ಒಂದು ಸೂತ್ರ ಮುಂದಿಟ್ಟರು. ಹಗ್ಗಜಗ್ಗಾಟದ ನಂತರ ಹೆಚ್ಚುಕಡಿಮೆ ಅದೇ ದಾರಿಗೆ ಎಲ್ಲರೂ ಬಂದರು. ಮರಳಲೊಲ್ಲದ ಕೈದಿಗಳನ್ನು ಐದು ತಟಸ್ಥ ರಾಷ್ಟ್ರಗಳ ಆಯೋಗದ ವಶಕ್ಕೆ ಕೊಡುವುದು. ಅವರ ದೇಶದ ಪ್ರತಿನಿಧಿಗಳು ಬಂದು ಊರಿನ ಪರಿಸ್ಥಿತಿ ವಿವರಿಸುವುದು. ಆಮೇಲೆ ಕೈದಿ ಯಾರ ಭಯವೂ ಇಲ್ಲದೆ ತನ್ನ ನಿರ್ಧಾರ ಹೇಳುವುದು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಝೆಕೊಸ್ಲೊವಾಕಿಯಾ ಮತ್ತು ಭಾರತ ಸದಸ್ಯರು. ಕಾವಲಿನ ಪಡೆ ಭಾರತದ್ದು, ಅಧ್ಯಕ್ಷತೆಯೂ ಭಾರತದ್ದು. ಆ ಅಧ್ಯಕ್ಷರಾಗಿ ನೇಮಕಗೊಂಡವರು ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯ. 1953ರ ಜುಲೈ 27ರಂದು ಕದನವಿರಾಮವಾಯಿತು.

ಹಿಂದ್ ನಗರ

ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್ ಅವರ ನಾಯಕತ್ವದಲ್ಲಿ ಐದು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಹೊರಟರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರು ಭಾರತದ ಸೈನಿಕರು ತಮ್ಮ ನೆಲ ಮೆಟ್ಟಬಾರದೆಂದು ಹಟ ಹಿಡಿದರು. ಹಾಗಾಗಿ ಸಮುದ್ರದಿಂದಲೇ ಹೆಲಿಕಾಪ್ಟರ್‌ಗಳಲ್ಲಿ ಅವರನ್ನು ಎರಡು ಸೇನೆಗಳ ನಡುವಿನ ನಿಶ್ಶಸ್ತ್ರ ವಲಯಕ್ಕೆ ತಂದಿಳಿಸಬೇಕಾಯಿತು. ಪಾನ್‌ಮುನ್‌ಜೊಮ್ ಹತ್ತಿರ ನಿಂತ ಶಿಬಿರಕ್ಕೆ ಹಿಂದ್ ನಗರವೆಂದು ಹೆಸರಾಯಿತು. ಸೆಪ್ಟೆಂಬರಿನಲ್ಲಿ ದಕ್ಷಿಣದ ಕಡೆಯಿಂದ 22,604 ಕೈದಿಗಳು ಬಂದರು: 14,704 ಚೀನೀಯರು, 7,900 ಕೊರಿಯನ್ನರು. ಉತ್ತರದ ಕಡೆಯಿಂದ 359 ಮಂದಿ: 335 ಕೊರಿಯನ್ನರು, 23 ಅಮೆರಿಕನ್ನರು, ಒಬ್ಬ ಬ್ರಿಟಿಷ್.

ಒಂದೊಂದು ಆವರಣದಲ್ಲಿ ಸುಮಾರು 500 ಕೈದಿಗಳು. ಬೇಲಿಯ ಹೊರಗೆ ಭಾರತದ ಕಾವಲು, ಬೇಲಿಯ ಒಳಗೆ ಕೈದಿಗಳ ಮುಖಂಡರ ಆಳ್ವಿಕೆ. ಕೋಜೆಯಲ್ಲಿ ಬೆಳೆದಿದ್ದ ಸಂಘಟನೆಗಳು ಹಾಗೇ ಇಲ್ಲಿಗೂ ಬಂದಿದ್ದವು. ಮೊದಲ ದಿನಗಳಲ್ಲೇ ಕೈದಿಗಳು ಮೇಜರ್ ಗ್ರೇವಾಲ್ ಎಂಬ ಅಧಿಕಾರಿಯನ್ನು ಒಳಗೆಳೆದುಕೊಂಡರು. ಥೋರಾಟ್ ಅವರು ಆಯುಧವಿಲ್ಲದೆ ಒಳಗೆ ಹೋಗಿ, ಮಾತನಾಡಿ, ಅವರನ್ನು ಬಿಡಿಸಿಕೊಂಡು ಬಂದರು. ಅಕ್ಟೋಬರ್ ಮೊದಲ ದಿನಗಳಲ್ಲಿ ಗಲಭೆ ಕೈಮೀರಿ ಕಾವಲು ಪಡೆ ಗುಂಡು ಹಾರಿಸಿದಾಗ ಮೂವರು ಕೈದಿಗಳು ಸತ್ತರು. ಮುಂದಿನ ಪ್ರತಿಯೊಂದು ನಿರ್ಧಾರದ ಹಿಂದೆಯೂ ಈ ಮೂರು ಸಾವುಗಳ ಭಾರ ಇತ್ತು.

ಬೇಲಿಯೊಳಗಿನ ಕೊಲೆಗಳ ವಿಚಾರಣೆ

ರಾತ್ರಿಯ ಹೊತ್ತು ಜೀವದ ಆಸೆಯಿಂದ ಬೇಲಿ ಹಾರಿ ಭಾರತದ ಕಾವಲುಗಾರರ ಕೈಸೇರಿದ ಕೈದಿಗಳು ಒಳಗಿನ ಕಥೆ ಹೇಳತೊಡಗಿದರು. ಊರಿಗೆ ಮರಳುವ ಆಸೆ ತೋರಿದವರನ್ನು ಹೊಡೆದು ಕೊಂದದ್ದನ್ನು ಕಂಡಿದ್ದೇವೆಂದರು. ತಿಮ್ಮಯ್ಯ ಮತ್ತು ಥೋರಾಟ್ ಈ ದೂರುಗಳನ್ನು ತಳ್ಳಿಹಾಕಲಿಲ್ಲ. ಹೇಳಿಕೆಗಳನ್ನು ಬರೆಸಿಕೊಂಡರು, ಆರೋಪಿಗಳನ್ನು ಗುರುತಿಸಿ ಹೊರತೆಗೆಸಿದರು, ಮಿಲಿಟರಿ ನ್ಯಾಯಾಲಯದ ಕ್ರಮ ಶುರುಮಾಡಿದರು. ಆರೋಪಿಗಳಿಗೂ ತಮ್ಮ ಪರವಾಗಿ ವಾದಿಸುವ ಅವಕಾಶವಿರಬೇಕೆಂಬ ನಿಯಮವನ್ನು ಬಿಡಲಿಲ್ಲ.

ಇಲ್ಲಿಯ ಕಷ್ಟ ನಮ್ಮ ಊರ ಹಿರಿಯರಿಗೆ ಬೇಗ ಅರ್ಥವಾಗುತ್ತದೆ. ಸಾಕ್ಷಿ ಹೇಳುವವನು ರಾತ್ರಿ ಮರಳಿ ಆರೋಪಿಯ ಪಕ್ಕದಲ್ಲೇ ಮಲಗಬೇಕಾದರೆ ಅವನ ಬಾಯಿಂದ ಸತ್ಯ ಹೊರಡುವುದು ಕಷ್ಟ. ಕೈದಿಗಳನ್ನು ಸಣ್ಣ ಸಣ್ಣ ಗುಂಪಾಗಿ ಒಡೆದು, ಮುಖಂಡರಿಂದ ಬೇರ್ಪಡಿಸಿದರೆ ಭಯ ಕಡಿಮೆಯಾಗುತ್ತಿತ್ತು. ಆದರೆ ಮುಖಂಡರು ಅದಕ್ಕೆ ಒಪ್ಪಲಿಲ್ಲ. ಬಲ ಪ್ರಯೋಗಿಸಿದರೆ ನೂರಾರು ಕೈದಿಗಳು ಸಾಯಬಹುದಿತ್ತು. ಯಾರ ಸ್ವಾತಂತ್ರ್ಯವನ್ನು ಕಾಯಲು ಬಂದಿದ್ದೆವೋ ಅವರನ್ನೇ ಕೊಂದು ಅವರ ಇಚ್ಛೆ ತಿಳಿಯುವುದೆಂದರೇನು? ಸ್ವಿಟ್ಜರ್ಲೆಂಡ್ ಮತ್ತು ಸ್ವೀಡನ್ ಬಲಪ್ರಯೋಗಕ್ಕೆ ಖಡಾಖಂಡಿತವಾಗಿ ವಿರೋಧವಿದ್ದವು. ತಿಮ್ಮಯ್ಯನವರು ಬಂದೂಕಿನ ದಾರಿ ಹಿಡಿಯಲಿಲ್ಲ. ಅದರಿಂದ ತನಿಖೆ ಅರ್ಧಕ್ಕೆ ನಿಲ್ಲುವುದೆಂದು ತಿಳಿದೇ ಹಿಡಿಯಲಿಲ್ಲ.

ಎರಡು ಬಾಗಿಲಿನ ಡೇರೆ

ವಿವರಣೆಯ ಕೆಲಸ ಅಕ್ಟೋಬರ್ 15ರಂದು ಶುರುವಾಯಿತು. ಒಂದು ಡೇರೆ. ಅದರೊಳಗೆ ಐದು ದೇಶಗಳ ಪ್ರತಿನಿಧಿಗಳು, ದುಭಾಷಿಗಳು, ಕೈದಿಯ ದೇಶದಿಂದ ಬಂದ ಅಧಿಕಾರಿಗಳು. ಹೊರಹೋಗಲು ಎರಡು ಬಾಗಿಲು. ಒಂದರಿಂದ ಹೊರಟರೆ ಊರಿಗೆ, ಇನ್ನೊಂದರಿಂದ ಹೊರಟರೆ ಮರಳಿ ಶಿಬಿರಕ್ಕೆ. ಕೆಲವರು ಕಿರುಚಿದರು, ಕೆಲವರು ವಿವರಿಸುವವರ ಮೇಲೆ ಉಗಿದರು, ಕೆಲವರು ಏನೂ ಕೇಳಿಸಿಕೊಳ್ಳದೆ ಒಂದು ಬಾಗಿಲಿನತ್ತ ನುಗ್ಗಿದರು. ಚೀನಾದ ಅಧಿಕಾರಿಗಳು ಒಬ್ಬೊಬ್ಬನನ್ನೂ ಗಂಟೆಗಟ್ಟಲೆ ಕೂರಿಸಿ ಮಾತನಾಡಿಸಿದರು. ಕೈದಿಗಳ ಮುಖಂಡರು ಆಗಾಗ ಯಾರನ್ನೂ ಹೊರಗೆ ಬಿಡಲಿಲ್ಲ. ಹೀಗೆ 90 ದಿನಗಳ ಗಡುವಿನಲ್ಲಿ ಕೆಲಸ ನಡೆದದ್ದು ಬೆರಳೆಣಿಕೆಯ ದಿನ ಮಾತ್ರ. ಡಿಸೆಂಬರ್ 23ರಂದು ಗಡುವು ಮುಗಿಯುವ ಹೊತ್ತಿಗೆ ಡೇರೆಗೆ ಬಂದುಹೋದವರು ಸುಮಾರು ಮೂರು ಸಾವಿರ ಜನ.

ಆಯೋಗದ ವರದಿಯಲ್ಲಿ ಒಮ್ಮತ ಬರಲಿಲ್ಲ. ಕೈದಿಗಳು ಮುಖಂಡರ ಬೆದರಿಕೆಯ ಕೆಳಗಿದ್ದರು, ಹಾಗಾಗಿ ಅವರ ನಿಜವಾದ ಇಚ್ಛೆಯನ್ನು ಅರಿಯಲಾಗಲಿಲ್ಲ ಎಂಬ ಮಾತಿಗೆ ಭಾರತ, ಪೋಲೆಂಡ್, ಝೆಕೊಸ್ಲೊವಾಕಿಯಾ ಸಹಿ ಹಾಕಿದವು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ತಮ್ಮದೇ ಬೇರೆ ವರದಿ ಕೊಟ್ಟವು. ಕಾವಲು ಕಾಯ್ದವರೇ ತಮ್ಮ ಕಾವಲಿನಲ್ಲಿ ಭಯವಿತ್ತೆಂದು ಬರೆದುಕೊಟ್ಟದ್ದು ಗಮನಿಸಬೇಕಾದ ಸಂಗತಿ. ಎಲ್ಲವೂ ಸರಿಯಾಗಿ ನಡೆಯಿತೆಂದು ಬರೆದಿದ್ದರೆ ಭಾರತಕ್ಕೆ ಹೆಚ್ಚು ಹೊಗಳಿಕೆ ಸಿಗುತ್ತಿತ್ತು.

1954ರ ಜನವರಿ 20ರಿಂದ ತಿಮ್ಮಯ್ಯನವರು ಉಳಿದ ಕೈದಿಗಳನ್ನು ಅವರನ್ನು ಒಪ್ಪಿಸಿದ ಪಡೆಗಳಿಗೇ ಮರಳಿಸಿದರು. ಒಪ್ಪಂದದ ಕೆಲಸ ಪೂರ್ತಿಯಾಗದ ಕಾರಣ ಅವರನ್ನು ಬಿಡುಗಡೆಯಾದ ನಾಗರಿಕರೆಂದು ಘೋಷಿಸುವ ಹಕ್ಕು ತಮಗಿಲ್ಲವೆಂಬುದು ಅವರ ನಿಲುವು. ಎರಡೂ ಕಡೆಯವರು ಸಿಟ್ಟಾದರು. ದಕ್ಷಿಣದಿಂದ ಬಂದವರಲ್ಲಿ ಊರಿಗೆ ಮರಳಿದವರು 628. ವಿಶ್ವಸಂಸ್ಥೆಯ ಪಡೆಗೆ ಹಿಂದಿರುಗಿದವರು 21,839. ಸೆರೆಯಲ್ಲಿ ತೀರಿಕೊಂಡವರು 38, ತಪ್ಪಿಸಿಕೊಂಡವರು 13. ಉತ್ತರದ ಕಡೆಯ ಅಮೆರಿಕನ್ನರಲ್ಲಿ ಇಬ್ಬರು ಮನಸ್ಸು ಬದಲಿಸಿ ತಾಯ್ನಾಡಿಗೆ ಹೋದರು. ಕೊಲೆಯ ಆರೋಪ ಹೊತ್ತವರನ್ನು ವಿಚಾರಣೆ ಮುಂದುವರಿಸಬೇಕೆಂಬ ಕೋರಿಕೆಯೊಡನೆ ವಿಶ್ವಸಂಸ್ಥೆಯ ಪಡೆಗೆ ಒಪ್ಪಿಸಲಾಯಿತು. ಆ ವಿಚಾರಣೆ ಮುಂದೆ ನಡೆಯಲಿಲ್ಲ. ಸತ್ತವರಿಗೆ ನ್ಯಾಯ ಸಿಗಲಿಲ್ಲವೆಂಬುದನ್ನು ಮುಚ್ಚಿಡುವಂತಿಲ್ಲ.

ಇನ್ನು 88 ಮಂದಿ ಉಳಿದರು. ಎರಡೂ ಕಡೆಗೆ ಹೋಗಲೊಲ್ಲೆ, ಮೂರನೆಯ ದೇಶ ಬೇಕೆಂದ 76 ಕೊರಿಯನ್ನರು, 12 ಚೀನೀಯರು. ಅವರು ಭಾರತೀಯ ಸೈನಿಕರೊಡನೆಯೇ ಹಡಗು ಹತ್ತಿ ಮದರಾಸಿಗೆ ಬಂದಿಳಿದರು. ಮುಂದೆ ಅನೇಕರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಕೆಲವರು ಭಾರತದಲ್ಲೇ ನೆಲೆನಿಂತರು. ಅಣೆಕಟ್ಟೆಯ ಹಿನ್ನೀರಿಗೆ ಸೂಪಾ ಊರನ್ನೇ ಬಿಟ್ಟುಕೊಟ್ಟ ನಮ್ಮ ಜೊಯಿಡಾ ಸೀಮೆಯ ಜನಕ್ಕೆ, ಹುಟ್ಟಿದ ಊರಿನ ದಾರಿ ಮುಚ್ಚಿಹೋಗುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ವರ್ಷಗಳು

ಮರಳಿ ಬಂದ ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ದೊರೆಯಿತು. 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಕೊರಿಯಾದ ಸೂತ್ರ ಹೆಣೆದಿದ್ದ ಕೃಷ್ಣ ಮೆನನ್ನರೇ ಆಗ ರಕ್ಷಣಾ ಮಂತ್ರಿ. ಇಬ್ಬರಿಗೂ ಸರಿಹೋಗಲಿಲ್ಲ. 1959ರಲ್ಲಿ ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು, ಪ್ರಧಾನಿ ನೆಹರೂ ಅವರ ಮಾತಿನ ಮೇಲೆ ಹಿಂತೆಗೆದುಕೊಂಡರು. 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಅದೇ ಡಿಸೆಂಬರಿನಲ್ಲಿ, ನಮ್ಮ ಅನಮೋಡ ಘಟ್ಟದ ಕೆಳಗಿನ ಮೊಲ್ಲೆಂ ಮೂಲಕ ಭಾರತದ ಸೇನೆ ಗೋವಾದೊಳಗೆ ಸಾಗಿತು. ಮೂರು ಸಾವಿರಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರು ಯುದ್ಧಕೈದಿಗಳಾದರು. ಕೈದಿಗಳನ್ನು ಕಾಯುವ ಹೊಣೆ ನಮ್ಮ ಗಡಿಯ ಪಕ್ಕಕ್ಕೇ ಬಂದಿತ್ತು.

1964ರಲ್ಲಿ ವಿಶ್ವಸಂಸ್ಥೆ ತಿಮ್ಮಯ್ಯನವರನ್ನು ಮತ್ತೆ ಕರೆಯಿತು. ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ಶಾಂತಿಪಾಲನಾ ಪಡೆಯ ನಾಯಕರಾದರು. ಅಲ್ಲಿಯೇ, ಕರ್ತವ್ಯದಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಸೈಪ್ರಸ್ ಸರಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಕೊರಿಯಾದ ಅನುಭವ ಕುರಿತು ಅವರು ಬರೆದಿಟ್ಟ ಪುಸ್ತಕ ಅವರು ಹೋದ ಎಷ್ಟೋ ವರ್ಷಗಳ ನಂತರ, 1981ರಲ್ಲಿ, ಅಚ್ಚಾಯಿತು.

ಮಡಿಕೇರಿಯಲ್ಲಿ ಅವರ ಮನೆ ಸನ್ನಿ ಸೈಡ್ ಈಗ ವಸ್ತುಸಂಗ್ರಹಾಲಯ. 2021ರ ಫೆಬ್ರುವರಿಯಲ್ಲಿ ಅಂದಿನ ರಾಷ್ಟ್ರಪತಿಗಳು ಅದನ್ನು ಉದ್ಘಾಟಿಸಿದರು. ನಮ್ಮ ಶಾಲೆಯ ಮಕ್ಕಳು ಪ್ರವಾಸದಲ್ಲಿ ಕೊಡಗಿಗೆ ಹೋದಾಗ ಅಲ್ಲಿ ಒಂದು ಗಂಟೆ ಕಳೆಯಲಿ. ಅಂಗಳದ ಟ್ಯಾಂಕನ್ನು ನೋಡಲಿ, ಫೋಟೋ ತೆಗೆಯಲಿ. ಆಮೇಲೆ ಒಳಗೆ ಹೋಗಿ ಕೊರಿಯಾದ ಭಾಗದ ಮುಂದೆ ನಿಂತು, ತಮ್ಮ ವಶದಲ್ಲಿರುವ ಅಸಹಾಯಕನ ಮಾತನ್ನು ನಂಬುವುದು, ಕೇಳುವುದು, ಕಂಡದ್ದನ್ನು ಕಂಡಂತೆ ಬರೆಯುವುದು ಕೂಡ ಸೈನಿಕನ ಕೆಲಸವೆಂದು ಗುರುಗಳನ್ನು ಕೇಳಿ ತಿಳಿದುಕೊಳ್ಳಲಿ. ಈ ಶಾಲೆಯಿಂದ ನಾಳೆ ಪೊಲೀಸರಾಗುವವರು, ಅರಣ್ಯ ರಕ್ಷಕರಾಗುವವರು, ಸೈನಿಕರಾಗುವವರು ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರುವ ಪಾಠ.